ದೋನಾ ಜುಲ್ಮಿರಾ ಅವರ ಉಸಿರನ್ನು ಗುಡಿಸಿ ಹಾಕಿದವರಿಗೆ

ಸಾವ್ ಪಾವ್ಲೊ ನಗರದಲ್ಲಿ ಹಳೆಯ ಧ್ವನಿಮುದ್ರಿಕೆಗಳನ್ನು ತೊಳೆದು ಹೊಸದು ಮಾಡಿಕೊಡುವ ಸಂಸ್ಥೆಯ ಘನ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ಮಿನಾಸ್ ಸೀಮೆಯ ಗುಡ್ಡದೂರಿನ ಇಗರ್ಜಿಯಲ್ಲಿ ದೊಡ್ಡ ಪಿಟೀಲು ನುಡಿಸುವ ಎರ್ಮೆನೆಜಿಲ್ದೊ ಲಾಸೆರ್ದಾ ಎಂಬ ನಾನು ಮಾಡುವ ಅನಂತ ವಂದನೆಗಳು. ಈ ಕಾಗದ ಬಿಡಿಸುವಾಗಿನ ಸರಸರ ಸದ್ದು ತಮ್ಮ ನಾಜೂಕು ಕಿವಿಗೆ ನೋವು ಮಾಡಿದ್ದರೆ ದಯವಿಟ್ಟು ಕ್ಷಮಿಸಬೇಕು.

ಶುಭ ಶುಕ್ರವಾರದ ಮೆರವಣಿಗೆಯಲ್ಲಿ ವೆರೋನಿಕಾಳ ವೇಷದ ಗಾಯಕಿ ಪುಟ್ಟ ಸ್ಟೂಲು ಹತ್ತಿ, ಯೇಸುವಿನ ಮುಖ ಒರೆಸಿದ ಬಟ್ಟೆಯನ್ನು ಬಿಚ್ಚುತ್ತಾ ಹಾಡುವ ಲ್ಯಾಟಿನ್ ಶೋಕಗೀತೆಯನ್ನು ನಮ್ಮ ದೋನಾ ಜುಲ್ಮಿರಾ ಹರೆಯದಲ್ಲಿ ಹಾಡಿದ್ದರು. ಅದನ್ನು ತಾವು ಹಳೆಯ ಗ್ರಾಮಫೋನ್ ತಟ್ಟೆಯಿಂದ ಎತ್ತಿ, ಗರಗರ ತೆಗೆದು, ಥಳಥಳಿಸುವ ಸಿ.ಡಿ. ಮಾಡಿದಿರಿ, ಗರಗರದ ಜೊತೆಗೆ ಅವರ ಉಸಿರನ್ನೂ ಒಂದೂ ಬಿಡದೆ ಹೆಕ್ಕಿ ಬಿಸಾಡಿದಿರಿ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ಅವನ ಮೂಗಿಗೆ ಊದಿದ ಉಸಿರು ಬರೀ ಕಸ ಎಂದು ಕಂಡುಹಿಡಿದ ಮೊದಲ ಮಹನೀಯರು ತಾವೇ ಇರಬೇಕು.

ದೋನಾ ಜುಲ್ಮಿರಾ ಇನ್ನೂ ನಮ್ಮ ನಡುವೆ ಇದ್ದಾರೆಂಬ ಅನನುಕೂಲವನ್ನು ತಾವು ಗಮನಿಸಿದಂತಿಲ್ಲ. ಅವರು ಕಿಟಕಿಯ ಪಕ್ಕ ಕಾಫಿ ಕುಡಿಯುತ್ತಾ ತಾವು ಮಾಡಿದ ಸಿ.ಡಿ. ಕೇಳಿ, ಲೋಟ ಕೆಳಗಿಟ್ಟು, "ಏನಪ್ಪಾ ಎರ್ಮೆನೆಜಿಲ್ದೊ, ಈ ಹೆಂಗಸು ಉಸಿರೇ ಎಳ್ಕೊಳಲ್ವಲ್ಲ! ನನ್ನನ್ನ ಹೆಣ ಮಾಡಿ ಹಾಡ್ಸಿದಾರಾ?" ಎಂದರು. ನಾನು ನಕ್ಕೆ. ಜೊತೆಗೆ ಕೂತಿದ್ದ ಬೇಕರಿಯವರ ಮಗಳು ಜಾಂದಿರಾ ನಗಲಿಲ್ಲ. ಈ ವರ್ಷದ ವೆರೋನಿಕಾ ಅವಳು, ತಮ್ಮ ಸಿ.ಡಿ.ಯನ್ನು ವೇದವಾಕ್ಯವೆಂದು ನಂಬಿದವಳು. "ಅಜ್ಜಿ, ನಿಮಗೆ ವಯಸ್ಸಾಯ್ತು, ಮರ್ತಿದೀರ. ಕೇಳಿ ಬೇಕಾದ್ರೆ, ಒಂದ್ಸಲಾನೂ ಉಸಿರು ತಗೊಂಡಿಲ್ಲ ನೀವು! ನಾನೂ ಹಾಗೇ ಹಾಡೋಳು" ಎಂದು ಹಟ ಹಿಡಿದಳು. ಅಜ್ಜಿ ಎಷ್ಟು ಹೇಳಿದರೂ ಕೇಳಲಿಲ್ಲ. ಕೇಳುವುದಾದರೂ ಹೇಗೆ, ನುಡಿಯುತ್ತಿದ್ದುದು ತಮ್ಮಂಥ ವಿದ್ವಾಂಸರ ಯಂತ್ರ.

ಆ ಶುಕ್ರವಾರ ಜಾಂದಿರಾ ಸ್ಟೂಲು ಹತ್ತಿದಳು. ಬಟ್ಟೆ ಅರ್ಧ ಬಿಚ್ಚುವಷ್ಟರಲ್ಲಿ ಮುಖ ಕೆಂಪಾಗಿ, ಆಮೇಲೆ ತುಟಿ ನೀಲಿಯಾಯಿತು. ಜನ ಅದನ್ನು ಭಕ್ತಿಯೆಂದುಕೊಂಡು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಹುಡುಗಿ ಕಡಿದ ಮರದಂತೆ ನನ್ನ ಪಿಟೀಲಿನ ಮೇಲೆ ಬಿದ್ದಳು. ತಮ್ಮ ಕಲೆಗಾರಿಕೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ರಾಜಧಾನಿಯಲ್ಲೂ ಸಿಗಲಾರದು.

ಯೇಸುವಿನ ಶವಪೆಟ್ಟಿಗೆ ಹೊತ್ತವರು ಬೀದಿಯ ನಡುವೆ ನಿಂತುಬಿಟ್ಟರು. ಅವಳ ತಾಯಿ ಮುಖಕ್ಕೆ ನೀರು ಚಿಮುಕಿಸುತ್ತಾ "ಕಣ್ಣು ಬಿಡೇ, ಕಣ್ಣು ಬಿಡೇ" ಎಂದು ಅಳುತ್ತಿದ್ದಳು. ಆಗ ಮೇಲಿನ ಕಿಟಕಿಯಿಂದ, ಕಂಬಿ ಹಿಡಿದು ಬಾಗಿ ನಿಂತ ದೋನಾ ಜುಲ್ಮಿರಾ, ಹಾಡು ನಿಂತಲ್ಲಿಂದಲೇ ಎತ್ತಿಕೊಂಡರು. ಸ್ವರ ಹರಿದುಹೋಗಿತ್ತು. ಸಾಲು ಸಾಲಿನ ನಡುವೆ ಅವರು ಉಸಿರೆಳೆದುಕೊಳ್ಳುವುದು ಕಮ್ಮಾರನ ತಿದಿಯ ಹಾಗೆ ಬೀದಿಗೆಲ್ಲ ಕೇಳುತ್ತಿತ್ತು. ಪ್ರತಿ ಸಲವೂ, ಮುಂದಿನದು ಬರುತ್ತದೋ ಇಲ್ಲವೋ ಎಂದು ಊರಿಗೆ ಊರೇ ಕಾದು ನಿಂತಿತ್ತು. ಕಣ್ಣು ಬಿಟ್ಟ ಜಾಂದಿರಾ ತಾಯಿಯ ಮಡಿಲಲ್ಲೇ ಆ ಉಸಿರಿಗೆ ತನ್ನ ಉಸಿರು ಸೇರಿಸಿದಳು. ಕೊನೆಯ ಸಾಲುಗಳನ್ನು ಅಜ್ಜಿ ಮೊಮ್ಮಗಳಂತೆ ಇಬ್ಬರೂ ಹಾಡಿ ಮುಗಿಸಿದರು. ನಾನು ಬಿಲ್ಲು ಹಿಡಿದು ಸುಮ್ಮನೆ ಅತ್ತೆ.

ಈಗ ಹುಡುಗಿ ದಿನಾ ಆ ಕಿಟಕಿಯ ಬಳಿ ಪಾಠಕ್ಕೆ ಕೂರುತ್ತಾಳೆ. "ಇಲ್ಲಿ ಎಳ್ಕೋ. ಜೋರಾಗಿ! ನಾಚ್ಕೋಬೇಡ್ವೇ, ನಿನಗೆ ಎದೆಗೂಡು ಇಟ್ಟೋನು ಆ ದೇವ್ರೇ, ಅವನಿಗೆ ಗೊತ್ತಿಲ್ವಾ?" ಎಂಬ ಗದರಿಕೆ ಬೀದಿಗೆ ಕೇಳಿಸುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಮ್ರ ಪ್ರಾರ್ಥನೆ. ತಾವು ಗುಡಿಸಿ ತೆಗೆದ ಉಸಿರುಗಳನ್ನು ಒಂದೂ ಮುಕ್ಕಾಗದಂತೆ ಹತ್ತಿಯಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿಕೊಡಬೇಕು. ಬೇರೆ ಗಾಯಕರ ಉಸಿರುಗಳ ಜೊತೆ ಬೆರೆತುಹೋಗಿದ್ದರೆ ಎಲ್ಲವನ್ನೂ ಕಳಿಸಿ, ನಮ್ಮದನ್ನು ನಾವು ಗುರುತು ಹಿಡಿಯುತ್ತೇವೆ. ಅದು ಆಗದಿದ್ದಲ್ಲಿ, ತಾವೂ ತಮ್ಮ ತಂತ್ರಜ್ಞರೂ ಒಟ್ಟಾಗಿ ನಿಂತು ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದುವ ಕೃಪೆ ಮಾಡಬೇಕು. ಪಕ್ಕದಲ್ಲಿ ವೈದ್ಯರಿದ್ದರೆ ಒಳ್ಳೆಯದು.

ತಮ್ಮ ವಿಶ್ವಾಸಿ, ಸದ್ಯಕ್ಕೆ ಸದ್ದು ಮಾಡಿಕೊಂಡೇ ಉಸಿರಾಡುತ್ತಿರುವ,
ಎರ್ಮೆನೆಜಿಲ್ದೊ ಲಾಸೆರ್ದಾ

ತಾ.ಕ.: ನಮ್ಮ ಪಾದ್ರಿಗಳ ಹಳೆಯ ಪ್ರವಚನಗಳನ್ನೂ ತಾವು ಶುದ್ಧೀಕರಿಸಲಿದ್ದೀರೆಂದು ತಿಳಿದು ಊರಿನವರೆಲ್ಲ ಪುಳಕಿತರಾಗಿದ್ದೇವೆ. ಅದರಲ್ಲಿ ಮಾತ್ರ ಉಸಿರನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆದುಬಿಡಿ.