ನೊಣಕ್ಕೆ ಮಕ್ಕಳಾಗದ ಔಷಧ

"ಈ ಸಲ ನಮ್ಮ ಮನ್ಯಾಗ ನೊಣದ ವಂಶಾನ ನಿರ್ವಂಶ ಮಾಡ್ತೀನಿ" ಎಂದು ಜಗದೇವಪ್ಪ ಎಮ್ಮೆ ಕೊಟ್ಟಿಗೆಯ ಮುಂದೆ ನಿಂತು ಸಾರಿದಾಗ ದೇವಕ್ಕ ತಲೆಯೆತ್ತಿಯೂ ನೋಡಲಿಲ್ಲ. ಗಂಡ ಹಿಂದೆ ಇಲಿಗಳ ಮೇಲೆ ಹೂಡಿದ ಸಮರದಲ್ಲಿ ಪ್ರಾಣ ಬಿಟ್ಟದ್ದು ಅವಳ ಮಿಕ್ಸರ್ ಒಂದೇ.

ಆದರೆ ಈ ಸಲ ಅವಳಿಗೂ ಅವಸರವಿತ್ತು. ಮಗಳು ದಾನೇಶ್ವರಿಯನ್ನು ನೋಡಲು ಸುರಪುರದಿಂದ ಗಂಡಿನ ಕಡೆಯವರು ಶಹಾಪುರಕ್ಕೆ ಬರುವವರಿದ್ದರು. ಕೊಟ್ಟಿಗೆಯ ನೊಣಗಳೋ, ಪಡಸಾಲೆಯಲ್ಲೇ ಸಂಸಾರ ಹೂಡಿದ್ದವು.

ಜಗದೇವಪ್ಪ ಗೊಬ್ಬರದಂಗಡಿಯ ಏಜಾಜನ ಹತ್ತಿರ ಔಷಧ ತಂದ. ತಿಪ್ಪೆ, ಮೋರಿ, ಕೊಟ್ಟಿಗೆಯ ಮೂಲೆ, ಯಾವುದನ್ನೂ ಬಿಡದೆ ಹೊಡೆದ. ಮರುದಿನ ನೊಣಗಳು ಮೊದಲಿಗಿಂತ ಹುರುಪಿನಿಂದ ಹಾರಾಡುತ್ತಿದ್ದವು.

"ಔಷಧ ತಂದೀರೋ, ಟಾನಿಕ್ ತಂದೀರೋ?" ದೇವಕ್ಕ ಸಿಡುಕಿದಳು.

ಏಜಾಜನಿಗೆ ಫೋನು ಹೋಯಿತು.

"ಅದು ಹಾರೋ ನೊಣ ಕೊಲ್ಲೂದಲ್ರಿ," ಅವನೆಂದ. "ತಿಪ್ಪ್ಯಾಗಿನ ಹುಳಕ್ಕ ರೆಕ್ಕಿ ಮೂಡದಂಗ ಮಾಡ್ತದ. ಇವು ತತ್ತಿ ಇಟ್ರೂ ಮರಿ ಆಗಂಗಿಲ್ಲ. ಜರಾ ತಡೀರಿ, ಸಬರ್ ಮಾಡ್ರಿ."

"ಮತ್ತ ಈಗ ಇದ್ದವು?" ಜಗದೇವಪ್ಪ ಕೇಳಿದ.

"ಅವು ತಮ್ಮ ಆಯುಷ್ಯ ಮುಗಿಸೇ ಹೋಗ್ತಾವ್ರಿ."

"ನಾಳಿ ಬೀಗರು ಬರ್ತಾರ," ಪಕ್ಕದಲ್ಲೇ ಕೇಳುತ್ತಿದ್ದ ದೇವಕ್ಕ ಹಣೆ ಚಚ್ಚಿಕೊಂಡಳು. "ಇವಕ್ಕ ಮುಪ್ಪು ಬರೂತನ ಅವರನ್ನ ಬಾಗಿಲದಾಗ ನಿಂದ್ರಸ್ಲೇನು?"

ಬೆಳಿಗ್ಗೆ ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿದರು, ನೊಣ ಕೆಮ್ಮಲಿಲ್ಲ.

ಬೀಗರು ಬಂದರು. ವರ ರೇವಣಸಿದ್ದನ ತಾಯಿ ಒಂದು ಕೈಯಲ್ಲಿ ಮಂಡಕ್ಕಿ ಸುಸಲಾ ತಿನ್ನುತ್ತ, ಇನ್ನೊಂದರಲ್ಲಿ ತಟ್ಟೆಯ ಮೇಲೆ ಸೆರಗು ಬೀಸುತ್ತ ಕುಳಿತರು. ದಾನೇಶ್ವರಿ ಚಹಾ ತಂದು ಮೊದಲು ವರನಿಗೆ ಕೊಟ್ಟಳು. ಸರಿಯಾಗಿ ಅದೇ ಹೊತ್ತಿಗೆ ಜಗದೇವಪ್ಪ ಗಂಟಲು ಸರಿಮಾಡಿಕೊಂಡ.

"ಏನೂ ಮನಸಿಗೆ ಹಚ್ಕೋಬ್ಯಾಡ್ರಿ. ನಾ ಔಷಧ ಹಾಕೀನಿ. ಇನ್ನ ಈ ಮನ್ಯಾಗ ಒಂದಕ್ಕೂ ಮಕ್ಕಳಾಗಂಗಿಲ್ಲ."

ಬೀಸುತ್ತಿದ್ದ ಸೆರಗು ನಿಂತಿತು. ಆ ತಾಯಿ ಹುಡುಗಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು, ಬಾಯಲ್ಲಿದ್ದ ಸುಸಲಾ ನುಂಗಬೇಕೋ ಬೇಡವೋ ತಿಳಿಯದೆ ಮಗನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ದೇವಕ್ಕನಿಗೆ; ಗಂಡನನ್ನು ಮೊದಲು ದೂಡಿ ಆಮೇಲೆ ತಾನು ಇಳಿಯುತ್ತಿದ್ದಳು.

"ನೊಣಕ್ಕರಿ, ಅತ್ತಿ," ದಾನೇಶ್ವರಿ ಗಾಬರಿಯಲ್ಲಿ ಅಂದಳು. "ಅಪ್ಪ ನೊಣದ ಸುದ್ದಿ ಹೇಳಾಕತ್ತಾನ್ರಿ."

ಇನ್ನೂ ಕುದುರದ ಸಂಬಂಧಕ್ಕೆ 'ಅತ್ತಿ' ಅಂದುಬಿಟ್ಟದ್ದು ತಿಳಿದು ಅವಳು ನಾಲಿಗೆ ಕಚ್ಚಿಕೊಂಡಳು. ರೇವಣಸಿದ್ದ ನಕ್ಕ ನಗೆಗೆ ಚಹಾ ಮೂಗಿಗೆ ಏರಿತು.

ಹೊರಡುವಾಗ ಅವನ ತಾಯಿ ದೇವಕ್ಕನ ಕೈ ಹಿಡಿದರು. ಜಗದೇವಪ್ಪ ಮತ್ತೆ ವಿವರಿಸಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ.

"ಹುಡುಗಿ ನಮಗ ಪಸಂದ್ ಅದಾಳ್ರಿ," ಅಂದರು ಅವರು. "ಆದರ ಒಂದ್ ಮಾತು. ಚೊಚ್ಚಲ ಬಾಣಂತನ ನಮ್ಮನ್ಯಾಗೇ ಆಗ್ಲಿ. ಕೂಸು ಹುಟ್ಟೂತನ ಅಕಿ ಈ ಮನಿ ನೀರು ಸುದ್ದಾ ಕುಡಿಯಂಗಿಲ್ಲ."