ನನ್ನ ಟಿಕೆಟ್ಟಿಗೆ ಬಂದ ಕರ್ನಲ್ ಸಾಹೇಬ್ರು

ಹೊಟ್ಟಿಕಿಚ್ಚು ನನ್ನ ಸ್ವಭಾವ ಅಲ್ರಿ. ಆದ್ರ ಕರ್ನಲ್ ಸಾಹೇಬ್ರು ಫೌಜಿನಿಂದ ರಿಟೈರಾಗಿ ಜಮಖಂಡಿಗೆ ಬಂದು ನಮ್ಮ ಪಕ್ಷ ಸೇರಿದ ಮ್ಯಾಲೆ ದಿನಾ ಒಂದಿಲ್ಲೊಂದು ನಡೀತು, ದಿನಾ ನನ್ನ ಹೊಟ್ಟಿ ಉರೀತು. ದೇಶ, ಧರ್ಮ ಅಂತ ಹಳ್ಳಿ ಹಳ್ಳಿ ತಿರುಗಿ, ಸಭಾಕ್ಕ ಜಮಖಾನಿ ಹಾಸಿ ಹಾಸಿ ಮೊಣಕಾಲು ಸವದಾವು ನನ್ನವು. ಈ ಸಲ ಜಿಲ್ಲಾ ಪಂಚಾಯ್ತಿ ಟಿಕೆಟ್ಟು ನಂದ ಅಂತ ಊರೆಲ್ಲಾ ಮಾತಾಡತಿತ್ತು. ಊರಿಗಿಂತ ಜಾಸ್ತಿ ನಾನ ಮಾತಾಡತಿದ್ದೆ.

೧. ಹತ್ತಂದ್ರ ಹತ್ತು

ಹಿಪ್ಪರಗ್ಯಾಗ ಸಭಾ, ಹತ್ತಕ್ಕ ಅಂತ ಕರದಿದ್ವಿ. ನಮ್ಮ ಕಡೆ ಹತ್ತಂದ್ರ ಹನ್ನೆರಡು, ಕೂಸಿಗೂ ಗೊತ್ತು. ಸಾಹೇಬ್ರು ಹತ್ತಕ್ಕ ಬಂದು, ಖಾಲಿ ಖುರ್ಚಿಗೆ ಭಾಷಣ ಮಾಡಿ ಹೋಗೇಬಿಟ್ರು. ಕೇಳಿದಾಂವ ಮೈಕಿನಾಂವ ಒಬ್ಬನ. ಇನ್ನ ಇವರ ಕಥಿ ಮುಗೀತು ಅಂತ ಮನಸಿನ್ಯಾಗ ಮಂಡಿಗಿ ತಿಂದೆ.

ಹನ್ನೆರಡಕ್ಕ ಬಂದ ಮಂದಿ ಏನಂದ್ರು? "ಭಾಷಣ ಕೇಳಸಲಾರದ ಹೋದ ಮೊದಲನೇ ಪುಢಾರಿರೀ ಇವರು. ಭಾಳ ಛಲೋ ಮನಷ್ಯಾ!"

೨. ಚಾದ ಕಪ್ಪು

ಒಂದಿನ ಸಾಹೇಬ್ರು ನಮ್ಮನಿಗೆ ಚಾಕ್ಕ ಬಂದ್ರು. ಗೂಟದ ಹಂಗ ನೆಟ್ಟಗ ಕುಂತು ಕುಡದು, ಕಪ್ಪು ತಾವ ತೊಳದಿಟ್ರು. ಅವತ್ತಿನಿಂದ ನಮ್ಮಾಕಿದು ಒಂದ ಹಾಡು: "ಅಷ್ಟ ದೊಡ್ಡ ಆಫೀಸರ್ರು, ನೋಡ್ರಿ!"

ಸಿಟ್ಟಿಲೆ ಮರುದಿನ ನಾನೂ ನನ್ನ ಕಪ್ಪು ತೊಳದೆ. ಆಕಿ ಅದನ್ನ ಮೂಸಿ ನೋಡಿ, ಮತ್ತ ತೊಳದಳು. "ಅವರು ತೊಳದಿದ್ದು ಬ್ಯಾರೇನ ಇತ್ತ ಬಿಡ್ರಿ."

೩. ಭಂಡಾರದ ಆಣಿ

ಟಿಕೆಟ್ ಹಂಚೂ ಮೊದಲ ನಾ ಒಂದು ಶಾಣ್ಯಾತನ ಮಾಡಿದೆ. ನನಗ ಟಿಕೆಟ್ ಬಂದ ಮ್ಯಾಲೆ ಯಾರೂ ಜಾರಬಾರದು ಅಂತ ಊರ ಮಂದಿನ್ನ ಬೀರೇಶ್ವರನ ಗುಡಿಗೆ ಕರಕೊಂಡು ಹೋಗಿ, ದೇವರ ಮುಂದಿನ ಅರಿಷಿಣದ ಭಂಡಾರ ಮುಟ್ಟಿಸಿ ಆಣಿ ಮಾಡಿಸಿದೆ: "ಪಕ್ಷ ಯಾರಿಗೆ ಟಿಕೆಟ್ ಕೊಡತೈತಿ, ಅವರಿಗೇ ನಮ್ಮ ಓಟು." ನನಗ ಅಂತ ಹೇಳಾಕ ನಾಚಿಕಿ ಬಂತು ನೋಡ್ರಿ, ಅಲ್ಲೇ ಕೆಟ್ಟಿತು.

ಟಿಕೆಟ್ಟು ಸಾಹೇಬ್ರಿಗೆ ಬಂತು! ಬಂಡಾಯ ನಿಂದ್ರತೇನಿ ಅಂತ ಎದ್ದೆ.

ಗುಡಿ ಪೂಜಾರಿ ಕಾಕಾ ಅಂದ, "ನಿಂದ್ರಪಾ, ಬ್ಯಾಡ ಅನ್ನೂದಿಲ್ಲ. ಆದ್ರ ಓಟು ಹಾಕಾವ್ರು ಯಾರು? ಎಲ್ಲಾರಿಗೂ ಭಂಡಾರ ಮುಟ್ಟಿಸಿ ಕುಂತೀಯಲ್ಲೋ. ಮೊದಲನೇ ಕೈ ನಿಂದ ಇತ್ತು."

ಹೆಂಡತಿ ಕಡೆ ನೋಡಿದೆ. "ನಾನೂ ಮುಟ್ಟೇನ್ರಿ," ಅಂದಳು. ಮಾರಿ ಮ್ಯಾಲೆ ದುಃಖ ಏನೂ ಕಾಣಲಿಲ್ಲ.

ದೇವರ ಅಂಜಿಕಿಗೆ ನಾನೂ ಸಾಹೇಬ್ರಿಗೇ ಓಟು ಒತ್ತಿದೆ. ಗೆದ್ದ ಸಾಹೇಬ್ರು ಹಾರ ಹಾಕ್ಕೊಂಡು ನಮ್ಮೂರಿಗೆ ಬಂದು, ಎಲ್ಲಾರ ಮುಂದ ನನ್ನ ತಬ್ಬಿಕೊಂಡು ಅಂದ್ರು, "ಇಂಥಾ ಶಿಸ್ತಿನ ಸಿಪಾಯಿ ನನಗ ಫೌಜಿನ್ಯಾಗೂ ಸಿಗಲಿಲ್ಲ!"

ನನ್ನ ಕಣ್ಣಾಗ ದಳದಳ ನೀರು ಬಂತು. ಖುಷಿಗೆ ಬಂದಾವು ಅಂತ ತಿಳದು ಸಾಹೇಬ್ರು ತಮ್ಮ ಕರ್ಚೀಪು ಕೊಟ್ರು. ಏನ್ ಹೇಳಲಿ ಮಾರಾಯ್ರ, ಅದಕ್ಕೂ ಇಸ್ತ್ರಿ ಹೊಡದಿತ್ತು!