ಹಿನಕಲ್ ಕೆರೆಗೆ ಕಡಲ ಏಡಿ

ಬಾಯಲ್ಲಿ ಆಡಿದ ಸುಳ್ಳಿಗೂ ಕಾಗದದಲ್ಲಿ ಬರೆದ ಸುಳ್ಳಿಗೂ ಬಹಳ ವ್ಯತ್ಯಾಸವಿದೆ. ಬಾಯಿಯ ಸುಳ್ಳನ್ನು ಕೆಮ್ಮಿ ಮರೆಸಬಹುದು, ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ವಾದಿಸಬಹುದು, ಏನೂ ಆಗದಿದ್ದರೆ ವಯಸ್ಸಾಯಿತು ಎಂದು ತಲೆ ಕೆರೆದುಕೊಳ್ಳಬಹುದು. ಬರೆದ ಸುಳ್ಳು ಹಾಗಲ್ಲ. ಅದಕ್ಕೆ ನಾವೇ ಸ್ಟಾಂಪು ಅಂಟಿಸಿ, ವಿಳಾಸ ಬರೆದು, ಅಂಚೆಗೆ ಹಾಕಿ ಬಂದಿರುತ್ತೇವೆ. ಅದು ಇನ್ನೊಬ್ಬರ ಮನೆಯ ಪೆಟ್ಟಿಗೆಯಲ್ಲಿ ತೆಪ್ಪಗೆ ಕುಳಿತಿದ್ದು, ನಾವು ಮರೆತ ಮೇಲೆ ಮಡಿಕೇರಿಯ ಘಾಟಿ ದಾಟಿ ಮೋಟಾರಿನಲ್ಲಿ ನಮ್ಮ ಬಾಗಿಲಿಗೇ ಬಂದು ಇಳಿಯುತ್ತದೆ. ನನ್ನ ಸುಳ್ಳು ಇಳಿದದ್ದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಗುರುವಾರ ಸಾಯಂಕಾಲ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು.

ತಪ್ಪು ನನ್ನದಲ್ಲ, ನನ್ನ ಕಚೇರಿಯದು. ಇಪ್ಪತ್ತೆರಡು ವರ್ಷದಿಂದ ನಾನು ಗುಮಾಸ್ತೆ. ನಮ್ಮಲ್ಲಿ ಬಂದ ಕಾಗದದಲ್ಲಿ ಎಷ್ಟು ಕಲಂ ಇದೆಯೋ ಉತ್ತರದಲ್ಲೂ ಅಷ್ಟೇ ಕಲಂ ಇರಬೇಕು. ಒಂದನ್ನೂ ಬಿಡುವಂತಿಲ್ಲ. ಯಾವುದಾದರೂ ಕಲಮಿಗೆ ‘ಇಲ್ಲ’ ಎಂದು ಬರೆದರೆ ಸಾಹೇಬರು ಕೆಂಪು ಶಾಯಿಯಲ್ಲಿ ‘ಏಕಿಲ್ಲ?’ ಎಂದು ಗೀಚಿ ಹಿಂದಕ್ಕೆ ಕಳಿಸುತ್ತಾರೆ. ‘ಇದೆ’ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಹೀಗೆ ನನ್ನ ಕೈಗೆ ‘ಇದೆ’ ಎಂದು ಬರೆಯುವುದು ಎಷ್ಟು ರೂಢಿಯಾಗಿ ಹೋಗಿದೆಯೆಂದರೆ, ಒಮ್ಮೆ ವೈದ್ಯರು ರೋಗಗಳ ಪಟ್ಟಿ ಕೊಟ್ಟು ಗುರುತು ಹಾಕಿ ಎಂದಾಗ ಹೆರಿಗೆಯ ನೋವಿನ ಮುಂದೆಯೂ ‘ಇದೆ’ ಎಂದು ಬರೆದು ಬಂದಿದ್ದೆ.

ನಮ್ಮ ದೊಡ್ಡ ಮಗಳು ಲೂರ್ದುವಿಗೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೊದಲನೆಯವರು ಹುಡುಗಿ ಎತ್ತರ ಎಂದರು, ಎರಡನೆಯವರು ಏನೂ ಹೇಳದೆ ಸುಮ್ಮನಾದರು. ನನ್ನ ಹೆಂಡತಿ ಜ್ಞಾನಮ್ಮ ಪ್ರತಿ ಪೂಜೆಯಲ್ಲೂ ಮೊಣಕಾಲೂರಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗ ನಮ್ಮ ಚರ್ಚಿನ ಸ್ವಾಮಿಗಳ ಮೂಲಕ ಮಂಗಳೂರಿನ ಪಾಸ್ಕಲ್ ಮಾಸ್ತರ ಪತ್ರ ಬಂತು. ಅವರ ಮಗ ಒಳ್ಳೆಯ ಹುಡುಗ, ಕೆಲಸದಲ್ಲಿದ್ದಾನೆ. ಪತ್ರದಲ್ಲಿ ಐದು ಕಲಂ. ನಾಲ್ಕನೆಯದು ಹೀಗಿತ್ತು: ‘ನನಗೆ ಕಡಲಿನಲ್ಲಿ ಗಾಳ ಹಾಕುವ ಹವ್ಯಾಸವಿದೆ. ತಮಗೂ ಇದೆಯೇ?’ ನನ್ನ ಲೇಖನಿ ನನ್ನನ್ನು ಕೇಳಲೇ ಇಲ್ಲ. ‘ಇದೆ’ ಎಂದು ಬರೆಯಿತು. ಬರಿಯ ‘ಇದೆ’ ಬೋಳಾಗಿ ಕಂಡದ್ದರಿಂದ ‘ಬಾಲ್ಯದಿಂದಲೂ’ ಎಂದು ಸೇರಿಸಿತು.

ಅಂದು ಸಾಯಂಕಾಲ ಬಂದಿಳಿದು, ಶುಕ್ರವಾರ ಹುಡುಗಿಯನ್ನು ನೋಡಿ, ನನ್ನ ಜೊತೆ ಗಾಳ ಹಾಕಲು ಹೊರಡುವೆನೆಂದು ಮಾಸ್ತರ ಕಾಗದ ಆ ಗುರುವಾರ ಬೆಳಿಗ್ಗೆ ಬಂದಾಗ ಜ್ಞಾನಮ್ಮ ಹಣೆ ಹಣೆ ಚಚ್ಚಿಕೊಂಡಳು.

“ಅಲ್ರೀ, ಬಾವಿಗೆ ಬಿದ್ದ ಬಿಂದಿಗೆಗೆ ಪಾತಾಳಗರಡಿ ಹಾಕಿ ಎತ್ತಕ್ಕೂ ಬರಲ್ಲ ನಿಮಗೆ. ಗಾಳ ಹಾಕ್ತೀನಿ ಅಂತ ಬರೆದ್ಬುಟ್ರಾ? ಸುಳ್ಳು ಅಂತ ಗೊತ್ತಾದ್ರೆ ಈ ಸಂಬಂಧಾನೂ ಹೋಯ್ತು ಕಣ್ರೀ!”

“ಹೋಗಲ್ಲ ಬಿಡು. ನಾಳೆ ರಾತ್ರಿ ಊಟಕ್ಕೆ ನಾನೇ ಮೀನು ತರ್ತೀನಿ” ಎಂದೆ. ಒಂದು ಸುಳ್ಳಿನಿಂದ ಪಾರಾಗಲು ಇನ್ನೊಂದನ್ನು ಹೇಳುವುದೂ ಕಚೇರಿಯಲ್ಲೇ ಕಲಿತದ್ದು. ಶುಕ್ರವಾರ ನಾವು ಮಾಂಸ ಮುಟ್ಟುವುದಿಲ್ಲ. ಕರಾವಳಿಯ ಅತಿಥಿಗೆ ಬಡಿಸಲು ಮೀನೊಂದೇ ದಾರಿ. ಅವಳು ಕೊರಳ ಶಿಲುಬೆ ಮುಟ್ಟಿಕೊಂಡಳು.

ನಾನು ನೆಟ್ಟಗೆ ದೊಡ್ಡ ಗಡಿಯಾರದ ಬಳಿಯ ಒಂದು ವಿಲಾಯತಿ ಸಾಮಾನಿನ ಅಂಗಡಿಗೆ ಓಡಿದೆ. ಅಲ್ಲಿ ಗಾಳದ ಕೋಲು ಸಿಕ್ಕಿತು, ದಾರ ಸಿಕ್ಕಿತು, ಕೊಕ್ಕೆ ಸಿಕ್ಕಿತು. ಕೊಕ್ಕೆಗೆ ಸಿಕ್ಕಿಸುವುದೇನು ಎಂದು ಕೇಳಿದೆ. ಸಾಹುಕಾರರು ಏಣಿ ಹತ್ತಿ, ಅಟ್ಟದ ಮೇಲಿಂದ ಒಂದು ತಗಡಿನ ಡಬ್ಬ ಇಳಿಸಿ, ಧೂಳು ಊದಿದರು. ಯಾರೋ ಇಂಗ್ಲಿಷ್ ದೊರೆ ತರಿಸಿಕೊಂಡು, ಬಿಚ್ಚುವ ಮೊದಲೇ ಸೀಮೆಗೆ ಹೊರಟುಹೋಗಿದ್ದರಂತೆ. ಡಬ್ಬದ ಮೇಲೆ ಒಂದು ಕೆಂಪು ಏಡಿ, ಅದರ ಪಕ್ಕದಲ್ಲಿ ಮೀಸೆಯ ದೊರೆ, ದೊರೆಯ ಕೈಯಲ್ಲಿ ಅವನ ಸೊಂಟದವರೆಗೆ ಬರುವ ಮೀನು. ಉಪ್ಪು ಹಾಕಿದ ಏಡಿ, ಸಮುದ್ರದ ಮೀನಿಗೆ ಶ್ರೇಷ್ಠ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

“ನಮ್ಮದು ಕೆರೆಯಲ್ಲವೆ?” ಎಂದೆ.

“ಸಮುದ್ರದ ಮೀನನ್ನೇ ಹಿಡಿಯೋ ವಸ್ತು ಸ್ವಾಮಿ ಇದು. ಕೆರೆ ಮೀನು ಇದರ ಮುಂದೆ ಯಾವ ಲೆಕ್ಕ?” ಎಂದರು ಸಾಹುಕಾರರು. ಇಷ್ಟು ಅಚ್ಚುಕಟ್ಟಾದ ವಾದವನ್ನು ನಾನು ಕಚೇರಿಯಲ್ಲೂ ಕೇಳಿರಲಿಲ್ಲ. ಡಬ್ಬದ ಮೂಲೆ ತುಕ್ಕು ಹಿಡಿದು ಸಣ್ಣಗೆ ಒಸರುತ್ತಿದ್ದದ್ದು ಮನೆಗೆ ಬಂದ ಮೇಲೆ ತಿಳಿಯಿತು. ಅಂದು ಸಂಜೆ ಚಾಮರಾಜಪುರದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ವಕೀಲರು ಎಲ್ಲೋ ಹೆಗ್ಗಣ ಸತ್ತಿದೆ ಎಂದು ಲಾಂದ್ರ ಹಿಡಿದು ಮೂರು ಸಲ ಚರಂಡಿ ನೋಡಿದರು. ಮೂರನೆಯ ಸಲ ನಾನೂ ಅವರ ಜೊತೆಗೆ ಹುಡುಕಿದೆ.

ಪಾಸ್ಕಲ್ ಮಾಸ್ತರು ಬೆಳ್ಳಗೆ, ತೆಳ್ಳಗೆ, ಬಹಳ ಮೃದುವಾದ ಮನುಷ್ಯರು. ಶುಕ್ರವಾರ ಬೆಳಿಗ್ಗೆ ಲೂರ್ದು ಕಾಫಿ ತಂದುಕೊಟ್ಟಾಗ ಮುಖವೆತ್ತಿ ನಕ್ಕು, “ನಮ್ಮ ಹುಡುಗನೂ ಉದ್ದವೇ, ಜೋಡಿ ಸರಿಯಾದೀತು” ಎಂದರು. ಜ್ಞಾನಮ್ಮ ಬಾಗಿಲ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಲ್ಲ ಇಲ್ಲಿಗೇ ಮುಗಿದರೆ ಸಾಕು ದೇವರೇ ಎಂದು ನಾನು ಬೇಡಿಕೊಳ್ಳುತ್ತಿರುವಾಗಲೇ ಅವರು ಎದ್ದು ನಿಂತು, “ಹೊರಡುವನಾ, ಗಾಳಕ್ಕೆ?” ಎಂದರು. ಜಟಕಾ ಬಂತು. ಜ್ಞಾನಮ್ಮ ಮಧ್ಯಾಹ್ನಕ್ಕೆಂದು ರಾಗಿಮುದ್ದೆ, ಸೊಪ್ಪಿನ ಸಾರಿನ ಬುತ್ತಿ ಕಟ್ಟಿಕೊಟ್ಟಳು. ಡಬ್ಬವನ್ನು ನಾನು ಹಳೆಯ ಪಂಚೆಯಲ್ಲಿ ಸುತ್ತಿ ಕಾಲ ಬುಡದಲ್ಲಿ ಇಟ್ಟುಕೊಂಡೆ.

ಹಿನಕಲ್ ಊರಿನ ಕೆರೆಯ ದಡದಲ್ಲಿ ಒಬ್ಬ ಮುದುಕ ಎಮ್ಮೆ ತೊಳೆಯುತ್ತಿದ್ದದ್ದು ಬಿಟ್ಟರೆ ಯಾರೂ ಇರಲಿಲ್ಲ. ನಾನು ಕೋಲನ್ನು ಮಾಸ್ತರ ಮುಂದೆ ಹಿಡಿದು “ತಾವು ಮೊದಲು” ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು “ಛೆ ಛೆ, ನಿಮ್ಮ ಕೆರೆ, ನೀವೇ ಮೊದಲು” ಎಂದರು. “ತಾವು ಅತಿಥಿಗಳು.” “ನೀವು ಪ್ರಾಯದಲ್ಲಿ ಹಿರಿಯರು.” ಈ ಮರ್ಯಾದೆ ಎಷ್ಟು ಹೊತ್ತು ನಡೆಯಿತೆಂದರೆ ಮುದುಕ ಒಂದು ಎಮ್ಮೆ ತೊಳೆದು ಮುಗಿಸಿ ಇನ್ನೊಂದನ್ನು ಇಳಿಸಿದ. ಅವರು ಮಾಡುವುದನ್ನು ನೋಡಿ ಕಲಿಯೋಣವೆಂಬುದು ನನ್ನ ಹಂಚಿಕೆ. ಅವರೇಕೆ ಕೋಲನ್ನು ಹಾವು ಕಂಡಂತೆ ನೋಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಕೊನೆಗೆ ಅವರು ಕೊಕ್ಕೆ ಕಟ್ಟುವುದು, ನಾನು ಗಾಳ ಎಸೆಯುವುದು ಎಂದು ರಾಜಿಯಾಗಿ, ಜಟಕಾದವನ ಚಾಕುವಿನಿಂದ ಡಬ್ಬ ಬಿಚ್ಚಿದೆವು. ಕುದುರೆ ಒಮ್ಮೆ ಸೀನಿ, ಗಾಡಿಯನ್ನು ತಾನಾಗಿಯೇ ಹತ್ತು ಮಾರು ಆಚೆಗೆ ಎಳೆದುಕೊಂಡು ಹೋಯಿತು. ಮಾಸ್ತರು ಕರ್ಚೀಫು ಮೂಗಿಗೆ ಒತ್ತಿಕೊಂಡೇ ಗಂಭೀರವಾಗಿ ಹೇಳಿದರು: “ಅಂಗಡಿಯ ಏಡಿ ಒಳ್ಳೆಯದೋ, ಬಂಡೆಯಿಂದ ಹಿಡಿದ ತಾಜಾ ಏಡಿ ಒಳ್ಳೆಯದೋ, ನಮ್ಮಲ್ಲಿ ದೊಡ್ಡ ಚರ್ಚೆ ಉಂಟು ಮಾರಾಯ್ರೇ.” ನಾನು ಅಂಗಡಿಯ ಏಡಿಯ ಪರವಾಗಿ ವಾದಿಸಿದೆ. ತಾಜಾ ಏಡಿ ಕಚ್ಚುತ್ತದೆ, ಇದು ಕಚ್ಚುವುದಿಲ್ಲ. ತಾಜಾ ಏಡಿಯನ್ನು ಹುಡುಕಬೇಕು, ಇದು ಅಟ್ಟದ ಮೇಲೇ ಇರುತ್ತದೆ. ಇದರ ವಾಸನೆ ಕೆರೆಯ ಆಚೆ ದಡದ ಮೀನಿಗೂ ಮುಟ್ಟುತ್ತದೆ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಆದರೆ ಆ ಏಡಿ ಕೊಕ್ಕೆಗೆ ಚುಚ್ಚಿದರೆ ಕೊಳೆತ ಹಣ್ಣಿನಂತೆ ಬಿರಿಯುತ್ತಿತ್ತು, ದಾರ ಸುತ್ತಿದರೆ ಕರಗಿ ಬೀಳುತ್ತಿತ್ತು. ಹೇಗೋ ಒಂದು ಕಾಲನ್ನು ಸಿಕ್ಕಿಸಿ ನೀರಿಗೆ ಎಸೆದೆ. ಎರಡು ಗಂಟೆ ಕುಳಿತೆವು. ಒಂದು ಕಾಗೆ ಬಂದು ಡಬ್ಬವನ್ನು ಇಣುಕಿ ನೋಡಿ, ತಿನ್ನದೆ ಹೋಯಿತು. ಕಾಗೆ ಬೇಡವೆಂದದ್ದನ್ನು ಮೀನು ಬೇಕೆನ್ನುವುದೇ? ಲೂರ್ದುವಿನ ಮುಖ ಕಣ್ಣ ಮುಂದೆ ಬಂತು.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಕುಚ್ಚಲಕ್ಕಿ ಅನ್ನ ಉಂಡ ಬಾಯಿ ಮಾಸ್ತರದು. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳುವಷ್ಟರಲ್ಲಿ ಅವರ ಮೇಲಿನ ದವಡೆಯೂ ಕೆಳಗಿನ ದವಡೆಯೂ ಒಂದಾಗಿದ್ದವು. ಕಣ್ಣಲ್ಲಿ ನೀರು ಬಂತು, ಆದರೂ ಮರ್ಯಾದಸ್ಥರು, “ಬಹಳ ರುಚಿ” ಎಂದು ಮೂಗಿನಿಂದ ಹೇಳಿದರು. ನಾನು ನೀರು ತರಲು ತಿರುಗಿದಾಗ, ತಮ್ಮ ಪಾಲಿನ ಮುದ್ದೆಯನ್ನು ಮೆಲ್ಲಗೆ ಕೆರೆಗೆ ಜಾರಿಸಿಬಿಟ್ಟರು. ಮರುಕ್ಷಣ ನೀರು ಕುದಿದಂತೆ ಕಲಕಿತು. ಬೆಳ್ಳಿಯ ಬೆನ್ನುಗಳು ಒಂದರ ಮೇಲೊಂದು ಬಿದ್ದು ಹೊರಳಿದವು.

ಎಮ್ಮೆಯ ಮುದುಕ ನಗುತ್ತಾ ಹತ್ತಿರ ಬಂದ. “ಬುದ್ಧೀ, ಎರಡು ಗಂಟೆಯಿಂದ ನೋಡ್ತಾವ್ನಿ, ಯೋಳೋದೋ ಬ್ಯಾಡ್ವೋ ಅಂತ. ಆ ನಾತದ್ದನ್ನ ಯಾವ ಮೀನ್ ತಿಂದಾತು? ಈ ಊರ್ ಮೀನ್ಗೆ ರಾಗಿ ಇಟ್ಟೇ ಆಗ್ಬೇಕು. ಆಮ್ಯಾಕೆ, ಅದೇನ್ ಬುದ್ಧಿ, ಕೊಕ್ಕೆನ ತಲೆಕೆಳಗಾಗಿ ಕಟ್ಟಿದ್ದೀರಿ?”

ನಾನು ಮಾಸ್ತರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಕೊಕ್ಕೆ ಕಟ್ಟಿದ್ದವರು ಅವರು.

“ಮಾರಾಯ್ರೇ,” ಎಂದರು ಬಹಳ ಸಣ್ಣ ದನಿಯಲ್ಲಿ, “ನಾನು ಕಡಲಿಗೆ ಪಾದ ಸಹ ಇಳಿಸಿದವನಲ್ಲ. ಅಲೆ ನೋಡಿದರೆ ತಲೆ ತಿರುಗುತ್ತದೆ. ಮೀನು ನಮ್ಮ ಬಾಗಿಲಿಗೇ ಬರುತ್ತದೆ, ಬುಟ್ಟಿಯಲ್ಲಿ. ಕರಾವಳಿಯವ ಗಾಳದ ವಿಷಯ ಬರೆಯದಿದ್ದರೆ ಮೈಸೂರಿನವರು ಏನು ಎಣಿಸಿಯಾರೋ ಅಂತ ಬರೆದೆ. ನೀವು ಬಾಲ್ಯದಿಂದಲೂ ಅಂತ ಬರೆದ ಮೇಲೆ ನನಗೆ ಎರಡು ವಾರ ನಿದ್ರೆ ಇಲ್ಲ!”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನ್ನ ‘ಬಾಲ್ಯದಿಂದಲೂ’ ಎಂಬ ಸುಳ್ಳನ್ನೂ ಅವರ ಮುಂದೆ ಬಿಚ್ಚಿಟ್ಟೆ. ಇಬ್ಬರೂ ದಡದಲ್ಲಿ ಕುಳಿತು, ಹೊಟ್ಟೆ ಹಿಡಿದುಕೊಂಡು, ಎಮ್ಮೆಗಳು ತಿರುಗಿ ನೋಡುವಂತೆ ನಕ್ಕೆವು. ಅಷ್ಟರಲ್ಲಿ ಮುದುಕ ಕೊಕ್ಕೆಯನ್ನು ಸರಿಮಾಡಿ, ನನ್ನ ಪಾಲಿನಲ್ಲಿ ಮಿಕ್ಕ ಮುದ್ದೆಯಿಂದ ಗೋಲಿ ಕಟ್ಟಿ, ನಾಲ್ಕು ಒಳ್ಳೆಯ ಮೀನು ಎಳೆದು ಹಾಕಿದ್ದ. ಜಟಕಾ ಹತ್ತಿದ ಮೇಲೆ ಮಾಸ್ತರು ನನ್ನ ಕೈ ಹಿಡಿದು, “ಮನೆಯಲ್ಲಿ ಮೀನು ಏಡಿಗೇ ಬಿದ್ದದ್ದು ಎಂದು ಹೇಳುವ. ಬೀಗರಾದ ಮೇಲೆ ಒಬ್ಬರ ಮಾನ ಇನ್ನೊಬ್ಬರು ಕಾಯಬೇಕಲ್ಲ” ಎಂದರು. ಬೀಗರು! ಆ ಮಾತು ಕಿವಿಗೆ ಬಿದ್ದದ್ದೇ ತಡ, ಡಬ್ಬದ ವಾಸನೆಯೂ ನನಗೆ ಹಿತವಾಗಿ ಕಂಡಿತು.

ಸಾಯಂಕಾಲ ಪಡಸಾಲೆಯಲ್ಲಿ ಕುಳಿತು ಅಂಗಡಿಯ ಏಡಿಯ ಮಹಿಮೆಯನ್ನು ಇಬ್ಬರೂ ಸರದಿಯ ಮೇಲೆ ವರ್ಣಿಸಿದೆವು. ಒಳಗಿನಿಂದ ಜ್ಞಾನಮ್ಮ ನನ್ನನ್ನು ಕರೆದಳು. ಮೀನು ಹಸನು ಮಾಡುತ್ತಿದ್ದವಳು, ಚಾಕುವಿನ ತುದಿಯಿಂದ ಅದರ ಹೊಟ್ಟೆಯೊಳಗಿನ ಕಂದು ಉಂಡೆಯನ್ನು ತೋರಿಸಿದಳು.

“ಇದು ಯಾವ ಸಮುದ್ರದ ಏಡಿ ಕಣ್ರೀ? ನನ್ನ ಕೈ ಮುದ್ದೆ ನನಗೆ ಗೊತ್ತಾಗಲ್ವಾ?”

ಅವಳು ಹೊರಗೆ ಏನೂ ಹೇಳಲಿಲ್ಲ. ಮಾಸ್ತರು ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಈಸ್ಟರ್ ಕಳೆದ ಮೇಲೆ ಮದುವೆಯಾಯಿತು.

ಇದಾಗಿ ನಾಲ್ಕು ವರ್ಷ. ಮೊನ್ನೆ ಬೀಗರ ಪತ್ರ ಬಂತು. ಒಂದನೆಯ ಕಲಂ ಲೂರ್ದುವಿನ ಆರೋಗ್ಯ, ಎರಡನೆಯದು ಮೊಮ್ಮಗಳ ಹಲ್ಲು. ಮೂರನೆಯದು ಹೀಗಿತ್ತು: ‘ನಮ್ಮ ಶಾಲೆಗೆ ಹೊಸ ಇನ್ಸ್ಪೆಕ್ಟರು ಬಂದಿದ್ದಾರೆ. ಅವರಿಗೆ ಗಾಳದ ಹುಚ್ಚಂತೆ. ನಾನೂ ಹಾಗೆಯೇ ಎಂದು ಬಾಯಿ ಜಾರಿತು. ಮೈಸೂರಿನ ಆ ಅಂಗಡಿಯ ಏಡಿಯ ಡಬ್ಬವೊಂದನ್ನು ದಯವಿಟ್ಟು ಕಳಿಸಬೇಕು.’ ಮನೆಯ ಹಿಂದೆ ಕಡಲು ಮೊರೆಯುವ ಮನುಷ್ಯ ನೂರೈವತ್ತು ಮೈಲಿ ಆಚೆಯ ನನ್ನಿಂದ ಏಡಿ ತರಿಸಿಕೊಳ್ಳುತ್ತಿದ್ದಾರೆ! ಸಮುದ್ರದಲ್ಲಿ ಗಾಳ ಹಾಕಲು ಅಂಗಡಿಯ ಏಡಿ ಪ್ರಯೋಜನವೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ಇನ್ನು ನಾನು ಅನುಮಾನಿಸುವುದಿಲ್ಲ. ಕಲಮಿಗೆ ‘ಇದೆ’ ಎಂದು ಉತ್ತರ ಬರೆದು, ಸಾಹುಕಾರರ ಅಂಗಡಿಗೆ ಹೋಗಿ ಅಟ್ಟ ತಡಕಾಡಿಸಿ, ಎರಡು ಡಬ್ಬ ತಂದೆ.

“ಒಂದು ಬೀಗರಿಗೆ, ಸರಿ. ಇನ್ನೊಂದು ಯಾರಿಗ್ರೀ?” ಎಂದಳು ಜ್ಞಾನಮ್ಮ, ಮೂಗು ಮುಚ್ಚಿಕೊಂಡು.

“ನಮ್ಮ ಚಿಕ್ಕವಳಿಗೂ ಹದಿನೆಂಟು ತುಂಬಿತಲ್ಲ” ಎಂದೆ.

ಅವಳು ನನ್ನನ್ನೂ ಡಬ್ಬವನ್ನೂ ಒಂದು ಸಲ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ, ಮೊರಕ್ಕೆ ಎರಡು ಸೇರು ರಾಗಿ ಸುರಿದುಕೊಂಡು ಕೇರಲು ಕುಳಿತಳು.